ಬಿಳಿ ಕಣಗಳ ಕಾಲದಲ್ಲಿ ಕೆಂಪು ಊಟ

ನನ್ನ ರಕ್ತದಲ್ಲಿ ಕ್ಯಾನ್ಸರ್ ಇದೆಯೆಂದು ಕಂಡುಹಿಡಿದದ್ದು ನನ್ನ ಅತ್ತೆ. ಹಾಗೆಂದು ಅವರೇ ಹೇಳಿಕೊಳ್ಳುತ್ತಾರೆ, ನಾನೂ ಅಲ್ಲಗಳೆಯುವುದಿಲ್ಲ.

ಆಗ ಅವರಿಗೆ ಎಂಬತ್ತು ದಾಟಿತ್ತು. ಸಕ್ಕರೆ ಕಾಯಿಲೆ ಇರಬಹುದೆಂಬ ಅನುಮಾನದಿಂದ ಅವರನ್ನು ಕೋಲ್ಕತ್ತದ ಟಾಲಿಗಂಜ್‌ನಲ್ಲಿ ನಮ್ಮ ಮನೆ ಪಕ್ಕದ ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಸೂಜಿ ಕಂಡದ್ದೇ ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತುಬಿಟ್ಟರು.

"ನೀ ಮೊದ್ಲ್ ಕೊಡ್ ಹೆಣೆ. ನೀ ಕೂಗ್ದಿದ್ರೆ ಮತ್ ನಾ ಕೊಡ್ತೆ" ಎಂದರು.

ಲ್ಯಾಬಿನ ಹುಡುಗಿಗೆ ಕುಂದಾಪುರದ ಕನ್ನಡ ಅರ್ಥವಾಗದಿದ್ದರೂ ಸೆರಗಿನೊಳಗಿನ ಕೈಯ ಅರ್ಥವಾಯಿತು. ನಗುತ್ತಾ ನನ್ನ ತೋಳಿಗೆ ಪಟ್ಟಿ ಕಟ್ಟಿದಳು. ಹೇಗೂ ತೆಗೆದ ರಕ್ತ ಚೆಲ್ಲುವುದೇಕೆ, ಒಂದು ಸಾಮಾನ್ಯ ರಕ್ತಪರೀಕ್ಷೆ ಮಾಡಿಬಿಡಿ ಎಂದೆ. ನಾನು ಕೂಗಲಿಲ್ಲ, ಅತ್ತೆಯೂ ಕೊಟ್ಟರು. ಸಂಜೆ ವರದಿ ಬಂದಾಗ ಅತ್ತೆಯ ಸಕ್ಕರೆ ಕಾಲೇಜು ಹುಡುಗಿಯ ಸಕ್ಕರೆಯ ಹಾಗಿತ್ತು. ನನ್ನ ಬಿಳಿ ರಕ್ತಕಣಗಳು ಮಾತ್ರ ಇರಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ತಪ್ಪಿರಬೇಕು ಎಂದು ಇನ್ನೊಂದು ಕಡೆ ಮಾಡಿಸಿದೆವು. ಅಲ್ಲೂ ಅಷ್ಟೇ.

ನಾನು ಜಾದವ್‌ಪುರದ ಒಂದು ಬ್ಯಾಂಕಿನ ಶಾಖೆಯಲ್ಲಿ ಕೆಲಸಕ್ಕಿದ್ದೆ, ನಿವೃತ್ತಿಗೆ ಇನ್ನೂ ನಾಲ್ಕಾರು ವರ್ಷವಿತ್ತು. ನನ್ನ ಗಂಡ ಲೇಕ್ ಮಾರ್ಕೆಟಿನ ಹತ್ತಿರ ಒಂದು ಅಡುಗೆಮನೆ ಇಟ್ಟುಕೊಂಡು ಮದುವೆ, ಉಪನಯನ, ನಾಮಕರಣಗಳಿಗೆ ಊಟ ಮಾಡಿಸಿಕೊಡುವವರು. ಐನೂರು ಜನಕ್ಕೆ ಹೋಳಿಗೆ ಮಾಡುವಾಗ ಒಲೆ ಆರಿಹೋದರೂ ಹೆದರದ ಮನುಷ್ಯ, ನನಗೆ ಒಂದು ಸೀನು ಬಂದರೆ ಮಾತ್ರ ಬೆವರುತ್ತಾರೆ. ಈ ವರದಿ ನೋಡಿ ಅವರ ಮುಖ ಹೇಗಾಯಿತೆಂದರೆ, ಕಾಯಿಲೆ ಯಾರಿಗೆಂದು ನನಗೇ ಅನುಮಾನ ಬಂತು.

ರಕ್ತರೋಗದ ತಜ್ಞೆ ನನಗಿಂತ ಚಿಕ್ಕ ವಯಸ್ಸಿನ ಬಂಗಾಳಿ ಹೆಂಗಸು. ದಪ್ಪ ಕನ್ನಡಕ, ಮೇಜಿನ ಮೇಲೆ ಯಾವಾಗಲೂ ಅರ್ಧ ಕುಡಿದ ಚಹಾ. ಇನ್ನಷ್ಟು ಪರೀಕ್ಷೆ ಮಾಡಿಸಿ, ಎಲ್ಲ ಕಾಗದಗಳನ್ನು ಹರಡಿಕೊಂಡು, ಹಿಂದಿ ಇಂಗ್ಲಿಷ್ ಬೆರೆಸಿ ನಿಧಾನವಾಗಿ ಬಿಡಿಸಿ ಹೇಳಿದರು. ನಮ್ಮ ಮೈಯನ್ನು ಸೋಂಕಿನಿಂದ ಕಾಯುವ ಬಿಳಿ ಕಣಗಳಲ್ಲಿ ಹಲವು ಬಗೆ. ಅವುಗಳಲ್ಲಿ ಬಿ ಕೋಶಗಳೆಂಬ ಒಂದು ಬಗೆಯವು ನನ್ನಲ್ಲಿ ಸಾಯುವ ಹೊತ್ತಿಗೆ ಸಾಯದೆ, ಕೆಲಸವನ್ನೂ ಮಾಡದೆ, ಸುಮ್ಮನೆ ಗುಂಪುಗೂಡುತ್ತಿದ್ದವು. ಇದೊಂದು ನಿಧಾನದ ರಕ್ತಕ್ಯಾನ್ಸರ್. ಸದ್ಯಕ್ಕೆ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು.

"ಔಷಧಿ ಬೇಡವೇ?" ಎಂದರು ನನ್ನ ಗಂಡ. ಕ್ಯಾನ್ಸರ್ ಅನ್ನುತ್ತೀರಿ, ಔಷಧಿ ಬೇಡ ಅನ್ನುತ್ತೀರಿ, ಇದೆಂಥ ಡಾಕ್ಟರಿಕೆ ಎಂಬ ಧ್ವನಿ.

"ಬೇಗ ಶುರು ಮಾಡಿದರೆ ಲಾಭವಿಲ್ಲ, ಅಡ್ಡಪರಿಣಾಮ ಮಾತ್ರ. ಕಾದು ನೋಡುವುದೇ ಚಿಕಿತ್ಸೆ."

ಇವರು ಗಂಟಲು ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಕೇಳಿದರು. "ಹಾಗಾದರೆ... ಎಷ್ಟು ವರ್ಷ?"

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಯಾರಿಗೆ ಕೇಳುತ್ತಿದ್ದೀರಿ? ಇವರಿಗೋ ನಿಮಗೋ? ನಿಮ್ಮ ಕೈ ಕೊಡಿ ಇಲ್ಲಿ" ಎಂದು ಇವರ ರಕ್ತದೊತ್ತಡ ಅಳೆದರು. ನನ್ನ ಹೆಸರಿನಲ್ಲಿ ಹೋದ ಆ ಭೇಟಿಯಲ್ಲಿ ಔಷಧಿ ಬರೆಸಿಕೊಂಡು ಬಂದದ್ದು ನನ್ನ ಗಂಡ.

ಆದರೆ ಪ್ರಶ್ನೆಗೆ ಉತ್ತರವನ್ನೂ ಕೊಟ್ಟರು. ಇಂಥ ಕಾಯಿಲೆಯಲ್ಲಿ ಮುಂದೇನೆಂಬುದನ್ನು ಎರಡು ಕಡೆಯಿಂದ ನೋಡಬೇಕಂತೆ. ಕೆಟ್ಟ ಕೋಶಗಳ ಸ್ವಭಾವವೇನು ಎಂಬುದು ಒಂದು. ನನ್ನವು ನಡುವಿನವು, ತೀರ ಸಾಧುವಲ್ಲ, ತೀರ ಪುಂಡರೂ ಅಲ್ಲ. ಒಳ್ಳೆಯ ಕೋಶಗಳು ಹೇಗಿವೆ ಎಂಬುದು ಇನ್ನೊಂದು. ಟಿ ಕೋಶಗಳೆಂಬ ಕಾವಲುಗಾರರು ಈ ಕಾಯಿಲೆಯಲ್ಲಿ ಎಷ್ಟೋ ಸಲ ಲೆಕ್ಕಕ್ಕೆ ಬೇಕಾದಷ್ಟಿದ್ದರೂ ದಣಿದಿರುತ್ತಾರೆ, ಕಳ್ಳನನ್ನು ಕಂಡರೂ ಏಳುವುದಿಲ್ಲ. ಆದ್ದರಿಂದ ಸೋಂಕಿನ ಬಗ್ಗೆ ಎಚ್ಚರವಿರಬೇಕು, ಜ್ವರ ಬಂದರೆ ತಡಮಾಡಬಾರದು, ಕೆಮ್ಮುವವರಿಂದ ದೂರವಿರಬೇಕು. "ವರ್ಷದ ಲೆಕ್ಕ ಹೇಳಿದರೆ ಅದು ಸಾವಿರಾರು ಜನರ ಸರಾಸರಿ. ಇವರು ಸರಾಸರಿ ಅಲ್ಲ, ಒಬ್ಬರೇ" ಎಂದರು.

ಹೆದರಿಕೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಮನೆಗೆ ಹೋಗುವ ಮೆಟ್ರೋದಲ್ಲಿ ಎದುರು ಸೀಟಿನವರನ್ನೆಲ್ಲ ನೋಡುತ್ತಾ, ಇವರೊಳಗೆ ಯಾರ ಕಾವಲುಗಾರರು ಎದ್ದಿದ್ದಾರೆ, ಯಾರವರು ಮಲಗಿದ್ದಾರೆ ಎಂದು ಯೋಚಿಸಿದೆ. ಒಬ್ಬಾತ ಬಾಯಿ ತೆರೆದು ನಿದ್ದೆ ಹೋಗಿದ್ದ. ಅವನನ್ನು ಕಂಡು ನಗು ಬಂತು. ನಗು ಬಂದಮೇಲೆ ಕಣ್ಣಲ್ಲಿ ನೀರೂ ಬಂತು. ಇವರು ಕರ್ಚೀಫು ಕೊಟ್ಟರು, ಅದರಲ್ಲಿ ಇಂಗಿನ ವಾಸನೆ.

ಅಮ್ಮನಿಗೆ ಹೇಳುವುದು ಬೇಡ ಎಂಬುದು ಇವರ ತೀರ್ಮಾನ. ಕ್ಯಾನ್ಸರ್ ಎಂಬ ಶಬ್ದ ಕೇಳಿದರೆ ಆ ವಯಸ್ಸಿನಲ್ಲಿ ಎದೆ ಒಡೆದೀತು ಎಂದರು. ಬಾಗಿಲಲ್ಲೇ ಕಾದಿದ್ದ ಅತ್ತೆ ಕೇಳಿದರು. "ಡಾಕ್ಟ್ರ್ ಎಂತ ಹೇಳ್ರ್?"

"ಎಂತ ಇಲ್ಲ ಅಮ್ಮ. ರಕ್ತದಲ್ಲಿ ಬೆಳಿ ಸ್ವಲ್ಪ ಜಾಸ್ತಿ ಆಯ್ತ್ ಅಂಬ್ರ್, ಅಷ್ಟೇ."

"ಬೆಳಿ ಜಾಸ್ತಿ?"

"ಹ್ಞೂಂ. ಬೆಳಿ."

ನಮ್ಮ ಕಡೆ ಬೆಳಿ ಎಂದರೆ ಬಿಳಿ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಮರುದಿನ ಮಧ್ಯಾಹ್ನ ಡಬ್ಬಿ ತೆರೆದರೆ ಅನ್ನವಿರಲಿಲ್ಲ. ಬೀಟ್‌ರೂಟ್ ಪಲ್ಯವಿತ್ತು, ಮೊಸರು ಬೆರೆಸಿದ ಹರಿವೆ ಸೊಪ್ಪಿನ ಸಾಸಿವೆಯಿರಬೇಕಾದಲ್ಲಿ ಬರೀ ಬೇಯಿಸಿದ ಹರಿವೆಯಿತ್ತು, ರಾಗಿ ರೊಟ್ಟಿಯಿತ್ತು. ಮೊಸರಿಲ್ಲ. ರಾತ್ರಿ ಕೇಳಿದ್ದಕ್ಕೆ ಅತ್ತೆ ತಣ್ಣಗೆ ಹೇಳಿದರು. "ಬೆಳಿ ಜಾಸ್ತಿ ಆದವ್ರಿಗೆ ಮತ್ತೂ ಬೆಳಿ ಹಾಕೂದಾ? ನಂಗೆ ಬುದ್ಧಿ ಇಲ್ಯಾ?"

ಅಂದಿನಿಂದ ನನ್ನ ತಟ್ಟೆಯಿಂದ ಬಿಳಿಯ ಬಣ್ಣ ಮಾಯವಾಯಿತು. ಅನ್ನ, ಮೊಸರು, ಇಡ್ಲಿ, ನೀರುದೋಸೆ, ಮೂಲಂಗಿ, ಎಲ್ಲಕ್ಕೂ ಬೀಗ. ತೆಂಗಿನಕಾಯಿ ಇಲ್ಲದೆ ನಮ್ಮ ಕಡೆಯ ಅಡುಗೆ ನಡೆಯುವುದೇ ಇಲ್ಲವಲ್ಲ, ಅದಕ್ಕೆ ಅತ್ತೆಯೇ ದಾರಿ ಕಂಡುಕೊಂಡರು. ತುರಿಯನ್ನು ಕೆಂಪಗಾಗುವಷ್ಟು ಹುರಿದರೆ ದೋಷವಿಲ್ಲ. ಮಜ್ಜಿಗೆಯ ಬದಲು ಪುನರ್ಪುಳಿ ಹಣ್ಣಿನ ಕೆಂಪು ಸಾರು. ಲೇಕ್ ಮಾರ್ಕೆಟಿಗೆ ತಾವೇ ಹೋಗಿ, ತರಕಾರಿಯವರು ಲಾಲ್ ಶಾಕ್ ಎನ್ನುವ ಕೆಂಪು ಸೊಪ್ಪನ್ನು ಕಟ್ಟುಕಟ್ಟು ತಂದರು. ಗಂಡನ ಕಡೆ ನೋಡಿದರೆ ಅವರು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಬಿಳಿ ಕಣಕ್ಕೂ ಬಿಳಿ ಅನ್ನಕ್ಕೂ ಸಂಬಂಧವಿಲ್ಲವೆಂದು ವಿವರಿಸಲು ಹೊರಟರೆ ಬಿಳಿ ಕಣವೆಂದರೇನು, ಅದು ಹೆಚ್ಚಾದರೇನು ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ತಮ್ಮ ಸುಳ್ಳನ್ನು ಕಾಪಾಡಲು ಆ ಮನುಷ್ಯ ನನ್ನ ಅನ್ನವನ್ನು ಬಲಿಕೊಟ್ಟರು.

ಕಾನೂನು ಇದ್ದಲ್ಲಿ ಸಂದು ಇರುತ್ತದೆ. ಕೋಲ್ಕತ್ತದ ಮೊಸರಿನಲ್ಲಿ ಲಾಲ್ ದೋಯ್ ಎಂದು ಒಂದಿದೆ, ಸಕ್ಕರೆ ಸೇರಿಸಿ ಹಾಲನ್ನು ಹೊತ್ತುಗಟ್ಟಲೆ ಕಾಯಿಸಿ ಮಡಕೆಯಲ್ಲಿ ಹೆಪ್ಪುಹಾಕಿದ ಕೆಂಪು ಮೊಸರು. ಅದನ್ನು ತಂದು ಅತ್ತೆಯ ಮುಂದಿಟ್ಟು, "ಇದು ಕೆಂಪಲ್ದಾ?" ಎಂದೆ. ಅತ್ತೆ ಬೆಳಕಿಗೆ ಹಿಡಿದು ನೋಡಿ, ಬೆರಳಲ್ಲಿ ಸ್ವಲ್ಪ ನೆಕ್ಕಿ, ಒಪ್ಪಿಗೆ ಕೊಟ್ಟರು. ಅದೇ ನ್ಯಾಯದಲ್ಲಿ ರಸಗುಲ್ಲ ಹೋಯಿತು, ಕೆಂಪಗೆ ಕರಿದ ಪಾಂತುವಾ ಉಳಿಯಿತು. ಆ ತಿಂಗಳು ನನ್ನ ತೂಕ ಏರಿತು. ಕ್ಯಾನ್ಸರ್ ಬಂದವರ ತೂಕ ಇಳಿಯುತ್ತದೆಂದು ಓದಿಕೊಂಡಿದ್ದ ಇವರಿಗೆ ಸ್ವಲ್ಪ ಧೈರ್ಯವೂ ಬಂತು.

ಆದರೂ ಮನುಷ್ಯರು ಎಷ್ಟು ದಿನ ಲಾಲ್ ದೋಯ್ ತಿಂದು ಬದುಕಬಹುದು? ಒಂದು ಶನಿವಾರ ಬ್ಯಾಂಕಿಗೆ ರಜೆ. ಔಷಧಿ ಅಂಗಡಿಗೆ ಹೋಗುತ್ತೇನೆಂದು ಹೇಳಿ ನೇರ ಲೇಕ್ ಮಾರ್ಕೆಟಿನ ನಮ್ಮ ಕಡೆಯವರ ಒಂದು ಹೋಟೆಲಿಗೆ ನುಗ್ಗಿದೆ. ಬಾಗಿಲಿಗೆ ಬೆನ್ನುಮಾಡಿ ಕೂತು ಇಡ್ಲಿ, ಹಸಿ ಕಾಯಿಚಟ್ನಿ, ಮೇಲೆ ಮೊಸರನ್ನ ತರಿಸಿದೆ. ಮೊದಲ ತುತ್ತು ಬಾಯಿಗಿಟ್ಟಾಗ ಕಣ್ಣು ಮುಚ್ಚಿಹೋಯಿತು. ತೆರೆದಾಗ ಎದುರಿಗೆ ನಮ್ಮ ಕೆಳಗಿನ ಮನೆಯ ಬೌದಿ ನಿಂತಿದ್ದರು.

ಬೌದಿ ಎಂದರೆ ಅತ್ತಿಗೆ. ನಮ್ಮ ಪಾಡಾದಲ್ಲಿ, ಅಂದರೆ ಕೇರಿಯಲ್ಲಿ, ಎಲ್ಲರಿಗೂ ಅವರು ಬೌದಿ. ಅತ್ತೆಯನ್ನು ಅವರು ಮಾಶಿಮಾ ಎನ್ನುತ್ತಾರೆ, ಸಂಜೆಯ ಹೊತ್ತು ಇಬ್ಬರೂ ವರಾಂಡದಲ್ಲಿ ಕೂತು ಟಿವಿಯ ಧಾರಾವಾಹಿಗಳ ಸೊಸೆಯಂದಿರನ್ನು ವಿಚಾರಣೆ ಮಾಡುತ್ತಾರೆ. ನನ್ನ ಕೆಂಪು ಪಥ್ಯದ ಸಂಗತಿ ಅವರಿಗೆ ಗೊತ್ತಿತ್ತು.

"ದಿದಿ! ಇದು ಏನು? ಎಲ್ಲಾ ಸಾದಾ!" ಎಂದು ತಟ್ಟೆಯ ಮೇಲೆ ಬೆರಳಾಡಿಸಿದರು. ಬಂಗಾಳಿಯಲ್ಲಿ ಸಾದಾ ಎಂದರೆ ಬಿಳಿ.

ಬಾಯಿ ಮುಚ್ಚಿಸುವುದಕ್ಕೆ ನಿಜ ಹೇಳುವುದೊಂದೇ ದಾರಿಯಾಯಿತು. ಅವರಿಗೂ ಒಂದು ಪ್ಲೇಟು ಇಡ್ಲಿ ತರಿಸಿ, ಎಲ್ಲ ಹೇಳಿ, ಮಾಶಿಮಾಗೆ ಮಾತ್ರ ತಿಳಿಯಬಾರದು ಎಂದು ಆಣೆ ಹಾಕಿಸಿಕೊಂಡೆ. ಬೌದಿ ಕಣ್ಣೀರು ಒರೆಸಿಕೊಂಡು, ಮೂಗು ಸೀಟಿ, ಎರಡನೇ ಪ್ಲೇಟು ಕೇಳಿದರು.

ಮರುದಿನದಿಂದ ಅವರು ನನ್ನ ಇಮ್ಯುನಿಟಿ ಹೆಚ್ಚಿಸಲು ಪಣತೊಟ್ಟರು. ಅಮೃತಬಳ್ಳಿ ಕಷಾಯ, ನೆಲ್ಲಿಕಾಯಿ, ಹೆಸರೇ ಗೊತ್ತಿಲ್ಲದ ಒಂದು ಕಹಿ ಸೊಪ್ಪಿನ ರಸ, ಹೋಮಿಯೋಪಥಿಯ ಸಕ್ಕರೆ ಗುಳಿಗೆ. ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಕುಡಿಸುತ್ತಿದ್ದರು.

"ಬೌದಿ, ನನಗೆ ಹೆಚ್ಚಾಗಿರುವುದೇ ಇಮ್ಯುನಿಟಿಯ ಕೋಶಗಳು. ಕಾಯಿಲೆಯೇ ಅದು."

"ಇಮ್ಯುನಿಟಿ ಎಲ್ಲಿಯಾದರೂ ಹೆಚ್ಚಾಗುತ್ತದೆಯೇ? ಇಲಿಷ್ ಮೀನು ಹೆಚ್ಚಾಯಿತು ಎಂದ ಹಾಗಾಯಿತು. ಕುಡಿಯಿರಿ."

ಮೂರು ತಿಂಗಳ ಭೇಟಿಯಲ್ಲಿ ಡಾಕ್ಟರಿಗೆ ಈ ಕಷಾಯಗಳ ಸಂಗತಿ ಹೇಳಿದೆ. ಅವರು ಚಹಾ ಕೆಳಗಿಟ್ಟು, ಅಮೃತಬಳ್ಳಿಯಿಂದ ಕೆಲವರ ಯಕೃತ್ತಿಗೆ ಪೆಟ್ಟಾಗುವುದುಂಟು, ಒಂದನ್ನೂ ಮುಟ್ಟಬೇಡಿ ಎಂದು ಗದರಿದರು. ಆಮೇಲೆ ಮೆಟ್ಟಿಲ ಮೂಲೆಯಲ್ಲಿದ್ದ ಮನಿಪ್ಲಾಂಟ್ ಕುಂಡ ನನ್ನ ಪಾಲಿನ ಕಷಾಯ ಕುಡಿಯತೊಡಗಿತು. ಅದರ ಇಮ್ಯುನಿಟಿ ಹೆಚ್ಚಿತೋ ಇಲ್ಲವೋ, ಎಲೆಗಳಂತೂ ಹಳದಿಯಾದವು.

ಡಾಕ್ಟರ ಇನ್ನೊಂದು ಮಾತನ್ನು ಮಾತ್ರ ನಾನು ಮನಸಾರೆ ಪಾಲಿಸಿದೆ. ಕೆಮ್ಮುವವರಿಂದ ದೂರವಿರಬೇಕು ಎಂದಿದ್ದರಲ್ಲ. ಬ್ಯಾಂಕಿನಲ್ಲಿ ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು ಒಮ್ಮೆ ನನ್ನ ಮೇಜಿನ ಮುಂದೆ ಕೂತು ಗಂಟಲು ಕೆರೆದುಕೊಂಡರು. "ಕ್ಷಮಿಸಿ ಸರ್, ನನ್ನ ಟಿ ಕೋಶಗಳು ದಣಿದಿವೆ" ಎಂದು ಎದ್ದು ಹೊರಟುಬಿಟ್ಟೆ. ಅವರಿಗೆ ಏನೂ ತಿಳಿಯಲಿಲ್ಲ, ಆದರೆ ತಪಾಸಣೆ ಬೇಗ ಮುಗಿಯಿತು. ಪಾಡಾದ ಪೂಜಾ ಸಮಿತಿಯ ಸಭೆಗಳು, ಬೇಡದ ಹುಟ್ಟುಹಬ್ಬಗಳು, ಇವರ ದೂರದ ಸಂಬಂಧಿಯೊಬ್ಬರ ವೀಣಾ ಕಛೇರಿ, ಎಲ್ಲಕ್ಕೂ ನನ್ನ ಕಾವಲುಗಾರರ ದಣಿವು ಒದಗಿಬಂತು. ಇಷ್ಟು ಉಪಯೋಗವಿರುವ ಕಾಯಿಲೆ ಇನ್ನೊಂದಿಲ್ಲ ಎಂದು ಇವರ ಮುಂದೆ ಹೇಳಿದರೆ, "ಹೀಗೆಲ್ಲ ಮಾತಾಡ್ಬೇಡ ಮಾರಾಯ್ತಿ" ಎಂದು ದೇವರ ಕೋಣೆಯ ಕಡೆ ನೋಡುತ್ತಿದ್ದರು.

ವಿಚಿತ್ರವೆಂದರೆ ಇಡ್ಲಿಯ ಪ್ರಸಂಗ ನಡೆದ ಮೇಲೆ ಅತ್ತೆಯ ಕಟ್ಟಳೆ ಇನ್ನೂ ಬಿಗಿಯಾಯಿತು. ಚಹಾದಲ್ಲಿ ಹಾಲು ನಿಂತಿತು. ಉಪ್ಪು ಬಿಳಿಯೆಂದು ಸಾರಿಗೆ ಕಪ್ಪುಪ್ಪು ಬಂತು. ಬಿಳಿ ಸೀರೆ ಉಟ್ಟ ದಿನ ಅತ್ತೆ ಬಾಗಿಲಲ್ಲಿ ನಿಂತು "ಅದನ್ನೂ ಬದ್ಲ್ ಮಾಡ್" ಎಂದರು. ನನಗೆ ಅನುಮಾನ ಬರಬೇಕಾಗಿತ್ತು, ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಜ್ವರ ಬಂತು. ಮೊದಲು ಚಳಿ, ಆಮೇಲೆ ಉಸಿರಾಡುವಾಗ ಪಕ್ಕೆಯಲ್ಲಿ ನೋವು. ತಡಮಾಡಬಾರದೆಂದು ಇದ್ದದ್ದರಿಂದ ಇವರು ಟ್ಯಾಕ್ಸಿ ಕರೆದು ಆಸ್ಪತ್ರೆಗೆ ಸೇರಿಸಿದರು. ನ್ಯುಮೋನಿಯಾ. ಮೊದಲೆರಡು ದಿನ ಏನು ನಡೆಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ಕೈಗೆ ಹನಿಹನಿಯಾಗಿ ಇಳಿಯುತ್ತಿದ್ದ ಔಷಧಿ, ಇವರ ಇಂಗಿನ ವಾಸನೆ, ಯಾರೋ ಹೆಸರು ಹಿಡಿದು ಕರೆಯುವುದು. ದಣಿದ ಕಾವಲುಗಾರರ ಬಗ್ಗೆ ನಾನು ಮಾಡಿದ ತಮಾಷೆಗಳೆಲ್ಲ ಆಗ ಎದುರು ನಿಂತು ಹಲ್ಲು ಕಿರಿದ ಹಾಗಾಯಿತು.

ಜ್ವರ ಇಳಿದ ಮೇಲೆ ಅತ್ತೆ ನನ್ನನ್ನು ನೋಡಲು ಬಂದರು, ಬೌದಿಯ ತೋಳು ಹಿಡಿದುಕೊಂಡು. ಅದೇ ಹೊತ್ತಿಗೆ ಡಾಕ್ಟರೂ ಒಳಗೆ ಬಂದರು. ಇವರು ಗಾಬರಿಯಾಗಿ ಡಾಕ್ಟರಿಗೆ ಕಣ್ಣಲ್ಲೇ ಸನ್ನೆ ಮಾಡಿದರು, ಅಮ್ಮನ ಮುಂದೆ ಬೇಡ, ಬೇಡ ಎಂದು. ಡಾಕ್ಟರು ಇವರಿಗೆ ಕಣ್ಣಿನ ತೊಂದರೆಯಿರಬೇಕೆಂದು ಹತ್ತಿರ ಬಂದು ನೋಡತೊಡಗಿದರು.

ಅಷ್ಟರಲ್ಲಿ ಅತ್ತೆ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಲೇಕ್ ಮಾರ್ಕೆಟಿನಲ್ಲಿ ಬೆಂಡೆಕಾಯಿ ಮುರಿದು ನೋಡುವಾಗಿನ ಗಟ್ಟಿ ದನಿಯಲ್ಲಿ, ತೊಡಕಿಲ್ಲದ ಬಂಗಾಳಿಯಲ್ಲಿ ಕೇಳಿದರು. "ಡಾಕ್ಟರಮ್ಮ, ನನ್ನ ಸೊಸೆಯ ಟಿ ಕೋಶಗಳು ಈಗ ಹೇಗಿವೆ? ಇನ್ನೂ ದಣಿದೇ ಇವೆಯೋ?"

ಬೌದಿ ಛಾವಣಿಯ ಫ್ಯಾನು ನೋಡತೊಡಗಿದರು. ಆಣೆ ಹಾಕಿದ ಸಂಜೆಯೇ ವರಾಂಡದಲ್ಲಿ ಅಳುತ್ತಾ ಎಲ್ಲ ಹೇಳಿಬಿಟ್ಟಿದ್ದರು. ಅಷ್ಟೇ ಅಲ್ಲ, ಇಬ್ಬರೂ ಸೇರಿ ಫೋನಿನಲ್ಲಿ ಹುಡುಕಿ, ಬಂಗಾಳಿಯಲ್ಲಿ ಓದಿಸಿ ಕೇಳಿಸಿಕೊಂಡು, ನನಗಿಂತ ಹೆಚ್ಚು ತಿಳಿದುಕೊಂಡಿದ್ದರು.

"ಅಮ್ಮಾ, ನಿಂಗೆ ಗೊತ್ತಿತ್ತಾ?" ಎಂದರು ಇವರು.

"ಗೊತ್ತಿತ್ತ್."

ನಾನು ಹಾಸಿಗೆಯಲ್ಲೇ ಎದ್ದು ಕೂತೆ. "ಅತ್ತೆ, ಗೊತ್ತಿದ್ಮೇಲೆ ನಂಗೆ ಎಂತಕೆ ಅನ್ನ ಕೊಡ್ಲಿಲ್ಲ? ಬೆಳಿ ಅನ್ನಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಗೊತ್ತಾಯ್ತಲ್ಲ?"

"ಗೊತ್ತಾಯ್ತ್. ನೀವಿಬ್ರೂ ಬಾಯ್ ಬಿಟ್ಟ್ ಹೇಳೂವರಿಗೆ ಅನ್ನ ಹಾಕೂದಿಲ್ಲ ಅಂತ ಮಾಡ್ದೆ. ಎಷ್ಟ್ ದಿನ ತಡಿತ್ರಿ ಕಾಂಬ ಅಂತ" ಎಂದರು ಅತ್ತೆ. ಆಮೇಲೆ ಮಗನ ಕಡೆ ತಿರುಗಿದರು. "ನಾನೆಂತ ಕುಶಾಲಿಗೆ ಬದ್ಕಿದ್ದಾ? ನಿನ್ ಅಪ್ಪನ್ನ ಕಳ್ಸಿ ಕೊಟ್ಟವ್ಳ್ ನಾನ್. ನಂಗೆ ಎದೆ ಒಡೂದಾ?"

ಡಾಕ್ಟರಿಗೆ ಕನ್ನಡ ಬಾರದು. ಆದರೂ ಯಾರು ಗೆದ್ದರೆಂದು ತಿಳಿಯಿತು. ಅವರು ಅತ್ತೆಯ ಪಕ್ಕದಲ್ಲೇ ಹಾಸಿಗೆಯ ತುದಿಗೆ ಕೂತು, ಬಂಗಾಳಿಯಲ್ಲಿ, ನಮಗೆ ಹೇಳಿದ್ದಕ್ಕಿಂತ ವಿವರವಾಗಿ ಎಲ್ಲವನ್ನೂ ಅವರಿಗೆ ಹೇಳಿದರು. ಅತ್ತೆ ನಡುನಡುವೆ "ಹ್ಯಾ, ಹ್ಯಾ" ಎಂದು ಹೌದೆಂಬಂತೆ ತಲೆದೂಗುತ್ತಿದ್ದರು. ಹೋಗುವಾಗ ನನ್ನ ಕಾಲನ್ನು ಹೊದಿಕೆಯ ಮೇಲಿನಿಂದ ಒತ್ತಿ, "ಮನಿಗೆ ಬಾ. ಅನ್ನ ಹಾಕ್ತೆ" ಎಂದರು. ಬಾಗಿಲ ತನಕ ಹೋದವರು ತಿರುಗಿ ಬಂದು ಹೊದಿಕೆಯನ್ನು ಇನ್ನೊಮ್ಮೆ ಸರಿಮಾಡಿದರು. ಎದೆ ಒಡೆಯಲಿಲ್ಲ ನಿಜ, ಆದರೆ ಅದು ಕಲ್ಲಲ್ಲ ಎಂದು ನನಗೆ ಗೊತ್ತಾಯಿತು.

ಅದಾಗಿ ಒಂದು ವರ್ಷ ಚೆನ್ನಾಗಿಯೇ ಕಳೆಯಿತು. ಮುಂದಿನ ವರ್ಷ ಕತ್ತಿನ ಎರಡೂ ಕಡೆ ಗಂಟುಗಳು ಊದಿಕೊಂಡವು. ಕರಿಮಣಿ ಚರ್ಮಕ್ಕೆ ಒತ್ತುತ್ತಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಗುತ್ತಿತ್ತು. ಕೆಂಪು ಕಣ ಇಳಿದಿದೆ, ಕಾಯುವ ಕಾಲ ಮುಗಿಯಿತು ಎಂದರು ಡಾಕ್ಟರು. ದಿನವೂ ನುಂಗುವ ಗುಳಿಗೆ ಬರೆದುಕೊಟ್ಟರು. ಕೂದಲು ಉದುರುವುದಿಲ್ಲ, ಆಸ್ಪತ್ರೆ ವಾಸವಿಲ್ಲ ಎಂದರು. ನಾನು ಸ್ವಲ್ಪ ನಿರಾಶಳಾದೆ. ಬೋಳುತಲೆಗೆ ಒಪ್ಪುವ ಕಿವಿಯೋಲೆಗಳನ್ನು ಮನಸ್ಸಿನಲ್ಲೇ ಆರಿಸಿಟ್ಟಿದ್ದೆ.

ಗುಳಿಗೆ ಶುರುವಾಗಿ ಕೆಲವು ವಾರಕ್ಕೆ ರಕ್ತಪರೀಕ್ಷೆ. ವರದಿ ಇವರ ಫೋನಿಗೆ ಬಂತು. ಬಿಳಿ ಕಣಗಳು ಇಳಿಯುವ ಬದಲು ಮೊದಲಿಗಿಂತ ಬಹಳ ಏರಿದ್ದವು. ಇವರು ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಗುಳಿಗೆಯ ಡಬ್ಬಿಯಿಲ್ಲ. ಮನೆಯೆಲ್ಲ ಹುಡುಕಿದೆ. ಕೊನೆಗೆ ಇವರ ಮುಖ ನೋಡಿದೆ. ಸುಳ್ಳು ಹೇಳಲು ಬಾರದವರ ಕಿವಿ ಕೆಂಪಾಗುತ್ತದೆ.

"ಹ್ವಾಯ್, ಎಲ್ಲಿ ಇಟ್ಟಿರಿ?"

"ಆ ಔಷಧಿ ಬೇಡ ನಿಂಗೆ. ಅದ್ರಿಂದ ಜಾಸ್ತಿ ಆಗ್ತಾ ಇದೆ. ನಾನು ಬೇರೆ ಡಾಕ್ಟ್ರ್ ಹುಡುಕ್ತೆ."

"ನನ್ ಕತ್ತು ಮುಟ್ಟಿ ನೋಡಿ. ಗಂಟು ಇಳಿದಿದೆ. ಕರಿಮಣಿ ಈಗ ಸಡಿಲ ಆಗಿದೆ."

"ಅದು ನೀನು ಸೊರಗಿದ್ದಕ್ಕೆ."

ಅವರ ಕಣ್ಣು ತುಂಬಿತ್ತು. ಮೂವತ್ತು ವರ್ಷ ಜೊತೆಗಿದ್ದವರ ಜೊತೆ ಆ ಕಣ್ಣಿಟ್ಟುಕೊಂಡು ಜಗಳವಾಡುವುದು ಕಷ್ಟ. ಅತ್ತೆಗೆ ಆ ಕಷ್ಟವಿರಲಿಲ್ಲ. ಕಡಗೋಲು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು, "ಮಾಣಿ, ಗುಳ್ಗಿ ತೆಗಿ. ಈಗ್ಳೇ ಡಾಕ್ಟರ ಹತ್ರ ಹೋಪ. ಮೂರ್ ಜನವೂ" ಎಂದರು. ಇವರು ಆಟೋ ಹಿಡಿದು ಲೇಕ್ ಮಾರ್ಕೆಟಿನ ತಮ್ಮ ಅಡುಗೆಮನೆಗೆ ಹೋಗಿ, ಹಪ್ಪಳದ ಡಬ್ಬದ ತಳದಿಂದ ನನ್ನ ಗುಳಿಗೆಯನ್ನು ತೆಗೆದು ತಂದರು.

ವರದಿ ನೋಡಿದ ಡಾಕ್ಟರು ತಲೆಗೆ ಕೈ ಹೊಡೆದುಕೊಂಡರು. "ಇದು ಹೀಗೇ ಆಗುತ್ತದೆಂದು ಮೊದಲೇ ಹೇಳಿದ್ದೆನಲ್ಲ!" ಹೇಳಿದ್ದರಂತೆ. ಆ ದಿನ ನಾವಿಬ್ಬರೂ ಅಡ್ಡಪರಿಣಾಮಗಳ ವಿಷಯ ಬಂದ ಮೇಲೆ ಏನನ್ನೂ ಕೇಳಿಸಿಕೊಂಡಿರಲಿಲ್ಲ. ಅವರು ಅತ್ತೆಗೆ ಬಂಗಾಳಿಯಲ್ಲಿ ಹೇಳಿದರು. "ಮಾಶಿಮಾ, ಹಳೇ ಕೋಲ್ಕತ್ತದ ಬಾಡಿಗೆಯವರು ಗೊತ್ತಲ್ಲ? ಅಜ್ಜನ ಕಾಲದಲ್ಲಿ ಬಂದವರು, ಏನು ಮಾಡಿದರೂ ಮನೆ ಬಿಡದವರು. ಈ ಕೋಶಗಳು ಹಾಗೆ ಗಂಟುಗಳಲ್ಲಿ ಬೀಡುಬಿಟ್ಟಿದ್ದವು. ಗುಳಿಗೆ ಅವುಗಳನ್ನು ಹೊರಗೆ ಹಾಕಿದೆ. ಈಗ ಎಲ್ಲ ಹಾಸಿಗೆ ಪಾತ್ರೆ ಸಮೇತ ಬೀದಿಯಲ್ಲಿ ನಿಂತಿವೆ. ರಕ್ತವೇ ಆ ಬೀದಿ. ಅದಕ್ಕೇ ಲೆಕ್ಕ ಏರಿದೆ. ಮನೆಯಿಲ್ಲದೆ ಅವು ಬಹಳ ಕಾಲ ಬದುಕುವುದಿಲ್ಲ."

ಅತ್ತೆಗೆ ಪೂರ್ತಿ ಅರ್ಥವಾಯಿತು. ಅವರ ಪಾಡಾದ ಅರ್ಧ ಜಗಳಗಳು ಬಾಡಿಗೆಯವರದೇ. ಡಾಕ್ಟರು ನನ್ನ ಕತ್ತನ್ನು ಒತ್ತಿ ನೋಡಿ, ಇವರ ಕೈಯನ್ನೂ ಹಿಡಿದು ಅಲ್ಲಿಟ್ಟರು. ಇವರು ಬೆರಳಾಡಿಸಿದರು, ಮತ್ತೆ ಆಡಿಸಿದರು. ಮೊದಲು ಇದ್ದ ಗಂಟು ಸಿಗಲಿಲ್ಲ. ನಮ್ಮ ಮದುವೆಯಾದ ಮೇಲೆ ಇಷ್ಟು ಜನರೆದುರು ಅವರು ನನ್ನ ಕತ್ತು ಮುಟ್ಟಿದ್ದು ಅದೇ ಮೊದಲು. ಅತ್ತೆ ಮುಖ ಬೇರೆ ಕಡೆ ತಿರುಗಿಸಿ ಕೂತರು.

ಬೀದಿಯಲ್ಲಿದ್ದವರು ಕರಗಲು ತಿಂಗಳುಗಳು ಬೇಕಾದವು. ಲೆಕ್ಕ ನಿಧಾನವಾಗಿ ಇಳಿಯಿತು. ನನ್ನ ಟಿ ಕೋಶಗಳೂ ಸ್ವಲ್ಪ ಸುಧಾರಿಸಿವೆ ಎಂದು ಡಾಕ್ಟರು ಈಚೆಗೆ ಹೇಳಿದರು. ಗುಣವಾಯಿತೆಂದು ಹೇಳಲಿಲ್ಲ. ಈ ಗುಳಿಗೆ ವರ್ಷಗಟ್ಟಲೆ ಕೆಲಸ ಮಾಡಬಹುದು, ಒಂದು ದಿನ ನಿಂತರೆ ಬೇರೆ ಇದೆ, ಆಗ ನೋಡೋಣ ಎಂದರು. ಇವರು ಎಷ್ಟು ವರ್ಷ ಎಂದು ಮತ್ತೆ ಕೇಳಲಿಲ್ಲ. ಮನೆಗೆ ಬಂದು ಮುಂದಿನ ಮಾಘದ ಒಂದು ದೊಡ್ಡ ಮದುವೆ ಊಟವನ್ನು ಒಪ್ಪಿಕೊಂಡರು.

ಗುಂಪಿನಿಂದ ದೂರವಿರುವ ನಿಯಮ ಈಗಲೂ ಇದೆ. ದುರ್ಗಾಪೂಜೆಯ ಕೋಲ್ಕತ್ತದಲ್ಲಿ ಅದನ್ನು ಪಾಲಿಸುವುದು ಹೇಗೆ? ಹೋದ ವರ್ಷ ಬೌದಿಯೇ ಉಪಾಯ ಮಾಡಿದರು. ಷಷ್ಠಿಯ ಬೆಳಿಗ್ಗೆ, ಊರು ಏಳುವ ಮೊದಲು ಹೋಗಿಬರುವುದು. ನಾನು ಮಾಸ್ಕ್ ಹಾಕಿಕೊಂಡೆ. ಅತ್ತೆ ರೇಷ್ಮೆಸೀರೆ ಉಟ್ಟರು. ಬೌದಿ ಥರ್ಮಾಸಿನಲ್ಲಿ ಚಹಾ ತಂದರು. ನಮ್ಮ ಪಾಡಾದ ಪೆಂಡಾಲಿನಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ದೇವಿ ಹತ್ತೂ ಕೈ ಚಾಚಿ ನಿಂತಿದ್ದಳು. ಅತ್ತೆ ಕೈ ಮುಗಿದು, ಬಹಳ ಹೊತ್ತು ಏನೋ ಗೊಣಗಿದರು. ಅದರಲ್ಲಿ ನನ್ನ ಹೆಸರು ಬಂತು, ಮಗನ ಬಿಪಿಯೂ ಬಂತು. ಆಮೇಲೆ ಅಲ್ಲಿದ್ದ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

ಕಂಬದ ಹತ್ತಿರ ಡೋಲಿನವನು, ಇಲ್ಲಿಯವರು ಢಾಕಿ ಎನ್ನುತ್ತಾರೆ, ಚಾಪೆಯ ಮೇಲೆ ನಿದ್ದೆ ಹೋಗಿದ್ದ. ಪಕ್ಕದಲ್ಲಿ ಅವನ ಢಾಕ್, ತುದಿಗೆ ಬಿಳಿ ಗರಿಗಳ ಕುಚ್ಚು, ಮೇಲೆ ಎರಡು ಕೋಲು. ನಾನು ನಿಂತು ನೋಡುತ್ತಿದ್ದುದನ್ನು ಬೌದಿ ಕಂಡರು.

"ಹೊಡೆಯಿರಿ ದಿದಿ. ಒಂದೇ ಒಂದು. ಯಾರಿದ್ದಾರೆ?"

"ಪಾಡಾ ಎಲ್ಲ ಎದ್ದೀತು."

"ಏಳಲಿ. ಹಬ್ಬ ಅಲ್ಲವೇ?"

ಕೋಲು ತೆಗೆದುಕೊಂಡೆ. ಮೊದಲ ಪೆಟ್ಟು ಮೆಲ್ಲಗೆ ಹಾಕಿದೆ. ಅದು ಎಷ್ಟು ಚೆಂದ ಕೇಳಿತೆಂದರೆ ಎರಡನೆಯದು ಜೋರಾಗಿ ಬಿತ್ತು, ಮೂರನೆಯದರಿಂದಾಚೆಗೆ ನನ್ನ ಕೈ ನನ್ನದಾಗಿರಲಿಲ್ಲ. ನಾಯಿ ಬೊಗಳಿತು. ಮೇಲೆ ಒಂದೊಂದಾಗಿ ಕಿಟಕಿಗಳು ತೆರೆದವು. ಬೌದಿ ಥರ್ಮಾಸನ್ನು ಎದೆಗವಚಿಕೊಂಡು ಓಡಿಯೇಬಿಟ್ಟರು. ನಾನು ಕೋಲುಗಳನ್ನು ಕೆಳಗಿಟ್ಟು ಅತ್ತೆಯ ಕೈ ಹಿಡಿದು ಎಳೆದೆ. ಅವರು ಕುರ್ಚಿಯಿಂದ ಏಳಲಿಲ್ಲ.

ಪೂಜಾ ಸಮಿತಿಯ ಹಿರಿಯರೊಬ್ಬರು ಬನಿಯನ್ನು, ಲುಂಗಿಯಲ್ಲೇ ಓಡಿಬಂದರು. "ಯಾರು? ಯಾರು ಹೊಡೆದದ್ದು?"

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಒಂದು ಕ್ಷಣವೂ ತಡಮಾಡದೆ ನನ್ನ ಕಡೆ ಬೆರಳು ತೋರಿಸಿದರು. "ಓ ಬಾಜಿಯೇಛೆ." ಇವಳೇ ಬಾರಿಸಿದ್ದು.

ಢಾಕಿ ಚಾಪೆಯ ಮೇಲೆ ಎದ್ದು ಕೂತು, ಕಣ್ಣುಜ್ಜಿಕೊಂಡು ನನ್ನನ್ನು ನೋಡಿದ. ಬೈಯುತ್ತಾನೆಂದು ಕಾದೆ. ಎಡಗೈ ಇನ್ನೂ ಸ್ವಲ್ಪ ಸಡಿಲ ಬಿಡಬೇಕು ಎಂದು ಹೇಳಿ, ಢಾಕನ್ನು ಹೆಗಲಿಗೆ ಹಾಕಿಕೊಂಡ.